ಹಿತ್ತಲ ಸೇಬಿನ ಎಲೆಗೆ ಚುಕ್ಕೆ ಬಿದ್ದಿದೆಯಾ? ಮೊದಲು ಎಲೆ ತಿರುಗಿಸಿ ನೋಡಿ

ಹಿತ್ತಲಿನ ಸೇಬಿನ ಮರದಲ್ಲಿ ನಾಲ್ಕು ಎಲೆ ಕಪ್ಪಾದರೆ ಸಾಕು, ಕೈಗೆ ಸಿಕ್ಕ ಔಷಧಿ ಹೊಡೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ. ರೋಗ ಯಾವುದು ಅಂತ ಗೊತ್ತಿಲ್ಲದೆ ಹೊಡೆದ ಔಷಧಿ ಸುಮ್ನೆ ದಂಡ.

ಬೆಳಗಿನ ಬೆಳಕಿನಲ್ಲಿ ನಾಲ್ಕೈದು ಎಲೆ ಕಿತ್ತು ಅಂಗೈ ಮೇಲಿಟ್ಟುಕೊಳ್ಳಿ. ಎರಡೂ ಬದಿ ನೋಡಿ. ಪಾಚಿ ಬಣ್ಣದ ಮಚ್ಚೆ, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗೆ, ಅಂಚು ಕಲಸಿಹೋದಂತೆ ಇದೆಯಾ? ಅದು ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗ. ಬರಬರುತ್ತಾ ಮಚ್ಚೆ ಕಪ್ಪಾಗಿ, ಎಲೆ ಮುದುಡಿ, ಹಳದಿಯಾಗಿ ಉದುರುತ್ತದೆ.

ಚಿಗುರಿನ ತುದಿಗೆ ಹಿಟ್ಟು ಉದುರಿಸಿದ ಹಾಗಿದ್ದು, ಎಲೆ ಸಣ್ಣದಾಗಿ ಮಡಚಿಕೊಂಡಿದ್ದರೆ ಬೂದಿ ರೋಗ. ಕಿತ್ತಳೆ ಬಣ್ಣದ ಚುಕ್ಕೆಯಾದರೆ ತುಕ್ಕು ರೋಗ. ಇದು ಹತ್ತಿರದ ಜೂನಿಪರ್ ಎಂಬ ಸೂಜಿ ಎಲೆಯ ಗಿಡಗಳಿಂದ ಗಾಳಿಯಲ್ಲಿ ಬರುತ್ತದೆ. ಇನ್ನು ಹಳೆಯ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವೆ ಮಾತ್ರ ಹಳದಿಯಾಗಿದ್ದರೆ, ಅದು ಮೆಗ್ನೀಷಿಯಂ ಕೊರತೆ ಇರಬಹುದು. ಅದಕ್ಕೆ ಶಿಲೀಂಧ್ರನಾಶಕ ಹೊಡೆದು ಏನೂ ಪ್ರಯೋಜನವಿಲ್ಲ.

ಚಿಗುರು ಸುಟ್ಟಂತೆ ಕಪ್ಪಾಗಿ ಕೊಕ್ಕೆಯಂತೆ ಬಾಗಿದ್ದರೆ ಮಾತ್ರ ತಡಮಾಡಬೇಡಿ. ಅದು ಬ್ಯಾಕ್ಟೀರಿಯಾದಿಂದ ಬರುವ ಫೈರ್ ಬ್ಲೈಟ್ ಇರಬಹುದು. ಒಣಹವೆ ಇರುವ ದಿನ, ಕಪ್ಪಾದ ಭಾಗಕ್ಕಿಂತ 20ರಿಂದ 30 ಸೆಂ.ಮೀ. ಕೆಳಗೆ ಕತ್ತರಿಸಿ. ಪ್ರತಿ ಸಲ ಕತ್ತರಿಸಿದ ಮೇಲೂ ಕತ್ತರಿಯನ್ನು 70% ಆಲ್ಕೋಹಾಲ್‌ನಲ್ಲಿ ಅದ್ದಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸ್ಕ್ಯಾಬ್. ಇದರ ಶಿಲೀಂಧ್ರ ಚಳಿಗಾಲ ಕಳೆಯುವುದು ಮರದ ಬುಡದಲ್ಲಿ ಬಿದ್ದ ಎಲೆಗಳಲ್ಲಿ. ಮೊಗ್ಗು ಬಿರಿಯುವ ಹೊತ್ತಿಗೆ ಮಳೆ ಬಿದ್ದರೆ ಅಲ್ಲಿಂದ ಬೀಜಕಣಗಳು ಮೇಲಕ್ಕೆ ಚಿಮ್ಮುತ್ತವೆ. ಹವೆ 20 ಡಿಗ್ರಿ ಆಸುಪಾಸಿನಲ್ಲಿದ್ದರೆ, ಎಲೆ ಸುಮಾರು 9 ಗಂಟೆ ಒದ್ದೆಯಾಗಿದ್ದರೂ ರೋಗ ಹತ್ತುತ್ತದೆ. ಮಚ್ಚೆ ಕಾಣುವುದು ಒಂದೆರಡು ವಾರದ ಮೇಲೆ. ಅಂದರೆ ನೀವು ನೋಡುವಷ್ಟರಲ್ಲಿ ರೋಗ ಒಳಗೆ ಹೊಕ್ಕಾಗಿದೆ ಅಲ್ವಾ? ಹಾಗಾಗಿ ಬಿದ್ದ ಎಲೆಗಳನ್ನು ಒಂದೂ ಬಿಡದೆ ಗುಡಿಸಿ ಆಳವಾಗಿ ಹೂಳಿ. ಗುಡಿಸಲಾಗದ ಕಡೆ ಎಲೆಗಳ ಮೇಲೆ ಲೀಟರ್ ನೀರಿಗೆ 50 ಗ್ರಾಂ ಯೂರಿಯಾ ಕಲಸಿ ಚಿಮುಕಿಸಿ. ಬೇಗ ಕೊಳೆಯುತ್ತವೆ.

ಔಷಧಿಯ ಕೆಲಸ ರೋಗ ಬರದಂತೆ ತಡೆಯುವುದು. ಬಿದ್ದ ಮಚ್ಚೆಯನ್ನು ಅದು ಅಳಿಸುವುದಿಲ್ಲ. ಮೊಗ್ಗಿನ ತುದಿ ಹಸಿರಾದಾಗ ಶುರುಮಾಡಿ, ಹೂವಿನ ಎಸಳು ಉದುರಿ ಎರಡು ವಾರ ಆಗುವ ತನಕ 7ರಿಂದ 10 ದಿನಕ್ಕೊಮ್ಮೆ ನೀರಿನಲ್ಲಿ ಕಲಸುವ ಗಂಧಕ ಹೊಡೆಯಿರಿ. ಮಳೆಗೆ ಮುಂಚೆಯೇ ಹೊಡೆಯಬೇಕು. ಜೋರು ಮಳೆಗೆ ತೊಳೆದುಹೋದರೆ ಮತ್ತೊಮ್ಮೆ. ಪ್ರಮಾಣ ಡಬ್ಬದ ಮೇಲೆ ಬರೆದಷ್ಟೇ ಇರಲಿ. ಬಿಸಿಲು 30 ಡಿಗ್ರಿ ದಾಟಿದ ದಿನ ಬೇಡ, ಎಲೆ ಸುಡುತ್ತದೆ. ಕೀಟಕ್ಕೆಂದು ಮರಕ್ಕೆ ಎಣ್ಣೆ ಸಿಂಪಡಿಸಿ ಎರಡು ವಾರ ಆಗಿರದಿದ್ದರೂ ಬೇಡ. ಹೂ ಅರಳಿರುವಾಗ ಜೇನ್ನೊಣ ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ.

ಬೂದಿ ರೋಗಕ್ಕೂ ಗಂಧಕ ಆಗುತ್ತದೆ. ಆದರೆ ಈ ರೋಗದ ಶಿಲೀಂಧ್ರ ಮೊಗ್ಗಿನೊಳಗೇ ಚಳಿಗಾಲ ಕಳೆಯುತ್ತದೆ, ಎಲೆ ಗುಡಿಸಿದರೆ ಹೋಗುವುದಿಲ್ಲ. ಬೆಳ್ಳಗಾದ ಚಿಗುರನ್ನು ಕಂಡ ತಕ್ಷಣ ಕತ್ತರಿಸಿ, ಕೊಡವದೆ ನೇರ ಚೀಲಕ್ಕೆ ಹಾಕಿ.

ಮರ ಎಲೆ ಉದುರಿಸಿ ನಿಂತಾಗ ನಡುವಿನ ಒತ್ತು ಕೊಂಬೆಗಳನ್ನು ಸವರಿ. ಗಾಳಿ ಆಡಿದರೆ ಎಲೆ ಬೇಗ ಒಣಗುತ್ತದೆ. ನೀರು ಬುಡಕ್ಕೆ ಮಾತ್ರ ಹಾಕಿ. ಹೊಸದಾಗಿ ಗಿಡ ನೆಡುವವರು ಸ್ಕ್ಯಾಬ್ ತಡೆಯುವ ಲಿಬರ್ಟಿ, ಎಂಟರ್‌ಪ್ರೈಸ್‌ನಂಥ ತಳಿ ಕೇಳಿ ತನ್ನಿ.