ಮಾಟುಂಗಾದಲ್ಲಿ 32 ಫೋಟೋ ತೂಗುಹಾಕಿದ ಕಥೆ

ಮುಂಬೈನ ಮಾಟುಂಗಾದಲ್ಲಿ ಇಲ್ಲಿನ ರಸ್ತೆಗಳ ಫೋಟೋ ಪ್ರದರ್ಶನ ಇಟ್ಟಿದ್ದೆ, ಮೂರು ದಿನದಲ್ಲಿ 19 ಪ್ರಿಂಟ್ ಮಾರಾಟವಾದವು. ಇಂಚಿಗೆ ಬರೀ 166 ಪಿಕ್ಸೆಲ್ (ಫೋಟೋದ ಚುಕ್ಕಿ) ಇಟ್ಟು ಪ್ರಿಂಟ್ ಹಾಕಿದರೆ ಮರ್ಯಾದೆ ಉಳಿಯಲ್ಲ ಅಂದಿದ್ದ ಗೆಳೆಯರೇ ಕೊನೆಯ ದಿನ ಬಂದು ಯಾವ ಕ್ಯಾಮೆರಾ ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದು ಹೇಳುತ್ತೇನೆ. 2019ರಲ್ಲಿ ದಕ್ಷಿಣ ಮುಂಬೈನ ಫೋರ್ಟ್ ಕಡೆ ಒಂದು ಗ್ಯಾಲರಿ ಹಿಡಿದಿದ್ದೆ. ಜುಲೈನಲ್ಲಿ ಬಾಡಿಗೆ ಕಡಿಮೆ ಅಂತ. ಎಲ್ಲ 12×18 ಇಂಚು ಸೈಜು. ಅರ್ಧ ಗಾಜಿನ ಫ್ರೇಮ್, ಅರ್ಧ ಬರೀ ಸನ್‌ಬೋರ್ಡ್, ಅಂದರೆ ಹಗುರ ಫೋಮ್ ಹಲಗೆ. ನಾಲ್ಕನೇ ದಿನಕ್ಕೆ ಮಳೆಯ ತೇವ ಹಿಡಿದು ಬೋರ್ಡು ಹಪ್ಪಳದ ಹಾಗೆ ಬಾಗಿತು, ಗಾಜಿನ ಒಳಗಿದ್ದ ಪ್ರಿಂಟು ಅಲೆ ಎದ್ದಿತು, ನೋಡಲು ಬಂದವರಿಗೆ ಗಾಜಿನಲ್ಲಿ ಟ್ಯೂಬ್‌ಲೈಟೇ ಜಾಸ್ತಿ ಕಾಣುತ್ತಿತ್ತು. ಖರ್ಚು ಸುಮಾರು 1 ಲಕ್ಷ 10 ಸಾವಿರ. ಮಾರಾಟ ಎರಡು, ಅದರಲ್ಲಿ ಒಂದನ್ನು ನನ್ನ ಭಾವ ತಗೊಂಡರು. ಒಂದು ಮದುವೆ ಸೀಸನ್‌ನ ದುಡಿಮೆ ಪೂರ್ತಿ ಹೋಯಿತು. ಮನೆಯಲ್ಲಿ ಆ ವಿಷಯ ಇವತ್ತಿಗೂ ಎತ್ತುವುದಿಲ್ಲ.

ಆಮೇಲೆ ಎಷ್ಟೋ ಭಾನುವಾರ ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗೆ ಫುಟ್‌ಪಾತ್‌ನಲ್ಲಿ ಚಿತ್ರ ಇಟ್ಟು ಮಾರುವವರ ಹತ್ತಿರ ಸುಮ್ನೆ ನಿಂತು ನೋಡಿದೆ. ಜನ ದೊಡ್ಡದರ ಮುಂದೆ ನಿಲ್ಲುತ್ತಾರೆ. ರಸ್ತೆಯ ಫೋಟೋಗೆ ಇದು ಇನ್ನೂ ನಿಜ. ದಾದರ್ ಹೂವಿನ ಮಾರ್ಕೆಟ್ಟನ್ನು 12×18ರಲ್ಲಿ ಹಾಕಿದರೆ ಬರೀ ಹಳದಿ. ಅದೇ 24×36ರಲ್ಲಿ ಗೊಂಡೆ ಹೂವಿನ ಮೂಟೆ ಹೊತ್ತವನ ಕುತ್ತಿಗೆಯ ಬೆವರು, ಹಿಂದೆ ಚಹಾ ಲೋಟ ಹಿಡಿದು ಆಕಳಿಸುತ್ತಿರುವ ಹುಡುಗ, ಎಲ್ಲ ಸಿಗುತ್ತದೆ. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್. ಉದ್ದದ ಬದಿಯ 6000 ಪಿಕ್ಸೆಲ್ಲನ್ನು 36 ಇಂಚಿಗೆ ಹರಡಿದರೆ ಇಂಚಿಗೆ 166 ಚಿಲ್ಲರೆ ಬರುತ್ತದೆ. ಲ್ಯಾಬ್‌ನವರು 300ಕ್ಕಿಂತ ಕಡಿಮೆ ಬೇಡ ಅಂತ ಹಟ ಹಿಡಿದರು. ಐದಾರು ಅಡಿ ದೂರದಿಂದ ನೋಡುವ ಕಣ್ಣಿಗೆ ಅಷ್ಟು ಬೇಡ ಅಂತ ನಾನು ಹಟ ಹಿಡಿದೆ. ಹೊಳಪಿಲ್ಲದ ಮ್ಯಾಟ್ ಪೇಪರಿಗೆ ಶಾರ್ಪನಿಂಗ್ (ಫೋಟೋದ ಅಂಚುಗಳನ್ನು ಚುರುಕು ಮಾಡುವುದು) ಮಾತ್ರ ಬೇರೆಯೇ ಬೇಕು. ಎಷ್ಟು ಅಂತ ಹೇಳುವುದಿಲ್ಲ, ಅದನ್ನು ಹಿಡಿಯಲು ಎರಡು ತಿಂಗಳ ಪೇಪರ್ ಸುಟ್ಟಿದ್ದೇನೆ.

ಸನ್‌ಬೋರ್ಡ್ ಬಿಟ್ಟೆ. ಅಂಗಡಿ ಬೋರ್ಡ್ ಮಾಡುವವರು ಬಳಸುತ್ತಾರಲ್ಲ, ಆ 3 ಎಂಎಂ ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್, ಎರಡೂ ಬದಿ ತೆಳು ಅಲ್ಯೂಮಿನಿಯಂ) ಹಿಡಿದೆ. ಕುರ್ಲಾದ ಒಂದು ವರ್ಕ್‌ಶಾಪ್‌ನಲ್ಲಿ ಅಂಟಿಸಿ, ಮೇಲೆ ಮ್ಯಾಟ್ ಲ್ಯಾಮಿನೇಷನ್. ಗಾಜಿಲ್ಲ, ಫ್ರೇಮಿಲ್ಲ. ಧೂಳು ಕೂತು ಗುಳ್ಳೆ ಎದ್ದು ಮೊದಲ ನಾಲ್ಕು ಹಾಳಾದವು. ನೆಲ ಒದ್ದೆ ಮಾಡಿ, ಫ್ಯಾನ್ ಆರಿಸಿ ಕೆಲಸ ಮಾಡಿದ ಮೇಲೆ ಸರಿಹೋಯಿತು. ಪ್ರಿಂಟಿಗೆ 900, ಶೀಟಿಗೆ 800, ಹತ್ತಿರಹತ್ತಿರ. ಫ್ರೇಮ್‌ನವರು ಒಂದಕ್ಕೇ 3,200 ಕೇಳಿದ್ದರು.

ನಡುವೆ ಒಂದು ಹುಚ್ಚು ಹಿಡಿಯಿತು. ಮಂಗಲ್‌ದಾಸ್ ಮಾರ್ಕೆಟ್‌ನಿಂದ ತೆಳು ಹತ್ತಿಯ ಮಲ್‌ಮಲ್ ಬಟ್ಟೆ ತಂದು ಅದರ ಮೇಲೆ ಡಬಲ್ ಡೆಕ್ಕರ್ ಬಸ್ಸು ಪ್ರಿಂಟ್ ಮಾಡಿಸಿದೆ. ಕಪ್ಪು ಬಣ್ಣವೆಲ್ಲ ಬೂದು ಬಣ್ಣವಾಯಿತು. 7 ಸಾವಿರ ಹೋಯಿತು. ಆದರೆ ಕಿಟಕಿಗೆ ಕಟ್ಟಿದಾಗ ಹಿಂದಿನಿಂದ ಬೆಳಕು ಬಂದು, ಗಾಳಿಗೆ ಬಸ್ಸು ಅಲುಗಾಡಿದ್ದು ನೋಡಬೇಕಿತ್ತು! ಇನ್ನೂ ದಪ್ಪ ಬಟ್ಟೆಯಲ್ಲಿ ಮತ್ತೆ ಮಾಡುತ್ತೇನೆ.

ಜಾಗಕ್ಕೆ ಮಾಟುಂಗಾದ ಒಂದು ಕನ್ನಡ ಸಂಘದ ಸಭಾಂಗಣ ಸಿಕ್ಕಿತು, ಮೂರು ದಿನಕ್ಕೆ 12 ಸಾವಿರ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಮದುವೆ ಡೆಕೋರೇಷನ್ ಹುಡುಗರು ನಮ್ಮವರೇ, ಪೈಪು ತಂದು ನಿಲ್ಲಿಸಿದರು. ನೈಲಾನ್ ದಾರದಲ್ಲಿ ತೂಗಿದರೂ ಬೋರ್ಡು ಒಂದು ಚೂರೂ ತಿರುಗಲಿಲ್ಲ. ಬೋರ್ಡಿನ ಹಿಂಬದಿಗೆ ಏನು ಕಟ್ಟಿದ್ದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಗ್ಯಾಲರಿಗಳಲ್ಲಿ ಫೋಟೋದ ನಡುಭಾಗ 57ರಿಂದ 60 ಇಂಚು ಎತ್ತರಕ್ಕೆ ಬರುತ್ತದೆ. ನಾನು 52ಕ್ಕೆ ಇಳಿಸಿದೆ, ಹಿರಿಯರು ಕುರ್ಚಿಯಲ್ಲಿ ಕೂತೇ ನೋಡಲಿ ಅಂತ. ಕೆಳಗೆ ಕನ್ನಡ, ಮರಾಠಿ ಎರಡರಲ್ಲೂ ರಸ್ತೆಯ ಹೆಸರು ಮತ್ತು ಹೊತ್ತು ಬರೆದೆ.

ಜಾಸ್ತಿ ಜನ ನಿಂತದ್ದು 2023ರ ಫೋಟೋಗಳ ಮುಂದೆ. ಆ ಸೆಪ್ಟೆಂಬರ್‌ನಲ್ಲಿ ಮುಂಬೈನ ಸಿಟಿ ಬಸ್ ಸಂಸ್ಥೆ ಬೆಸ್ಟ್‌ನ ಹಳೇ ಡೀಸೆಲ್ ಡಬಲ್ ಡೆಕ್ಕರ್ ಓಡುವುದು ನಿಂತಿತು, ಮರುತಿಂಗಳು ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಟ್ಯಾಕ್ಸಿಯ ಕಾಲ ಮುಗಿಯಿತು. ಒಬ್ಬ ಅಜ್ಜ ಟ್ಯಾಕ್ಸಿ ಫೋಟೋದ ಮುಂದೆ ಕುರ್ಚಿ ಎಳೆದುಕೊಂಡು ಒಂದು ಗಂಟೆ ಕೂತಿದ್ದರು. 22 ವರ್ಷ ಓಡಿಸಿದ್ದರಂತೆ.

ಒಟ್ಟು ಖರ್ಚು 75 ಸಾವಿರದ ಆಸುಪಾಸು. ಒಂದು ಪ್ರಿಂಟಿಗೆ 4,500 ಇಟ್ಟಿದ್ದೆ, ಚೌಕಾಶಿ ಇಲ್ಲ. 85,500 ಬಂತು.

ಹೋಟೆಲ್ ನಡೆಸುವ ನಮ್ಮ ಶೆಟ್ರು ಮೊದಲೇ ಹೇಳಿದ್ದರು, "ಮಾರಾಯ್ರೆ, ಹೊರಗೆ ಬಂದರೆ ರಸ್ತೆ ಬಿಟ್ಟಿ ಕಾಣುತ್ತದೆ, ದುಡ್ಡು ಯಾರು ಕೊಡ್ತಾರೆ?" ಎರಡು ಪ್ರಿಂಟ್ ತಗೊಂಡದ್ದು ಅವರೇ. ಗಲ್ಲಾದ ಹಿಂದೆ ಹಾಕಿದ್ದಾರೆ, ಪಕ್ಕದಲ್ಲೇ ಅಡುಗೆಮನೆ ಬಾಗಿಲು, ದಿನವಿಡೀ ಇಡ್ಲಿಯ ಹಬೆ. ಹೋದ ಭಾನುವಾರ ಸ್ಕೇಲ್ ಇಟ್ಟು ನೋಡಿ ಬಂದೆ. ಮಳೆಗಾಲ ದಾಟಿದೆ, ಬೋರ್ಡು ಕೂದಲಷ್ಟೂ ಬಾಗಿಲ್ಲ.