ಜಿಪ್ಸಿಯ ಕ್ಲಚ್, ಫ್ಲೈವೀಲ್ ಬದಲಿಸಿದ್ದು

ಗಾಡಿ ಮಾರುತಿ ಜಿಪ್ಸಿ, 1.3 ಲೀಟರ್ ಎಂಜಿನ್. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಕೇಬಲ್ ಸಡಿಲ ಮಾಡಿ ನೋಡಿದೆ, ಆಗಲೂ ಕ್ಲಚ್ ಜಾರುವುದು (ಸ್ಲಿಪ್) ನಿಲ್ಲಲಿಲ್ಲ. ಕ್ಲಚ್ ಇರುವುದು ಎಂಜಿನ್, ಗೇರ್ ಬಾಕ್ಸ್ ನಡುವೆ, ಹಾಗಾಗಿ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿ ಇರಲಿಲ್ಲ.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್‌ನಲ್ಲಿ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಗೇರ್ ಅನುಪಾತ ಹೈ 1.409, ಲೋ 2.268. ಲೋಗೆ ಹಾಕಿದರೂ ಸಿಗುವುದು ಹೈಯ 1.6 ಪಟ್ಟು ಎಳೆತವಷ್ಟೇ. ಅದನ್ನೂ ಬಳಸದೆ ತೋಟದ ಏರಿನಲ್ಲಿ ಹಾಫ್ ಕ್ಲಚ್ ಹಿಡಿದುಕೊಂಡೇ ಹತ್ತಿಸಿದರೆ ಕ್ಲಚ್ ಪ್ಲೇಟಿನ ಜೊತೆ, ಅದು ಒತ್ತಿಕೊಳ್ಳುವ ಎಂಜಿನ್ನಿನ ಭಾರದ ಚಕ್ರ ಫ್ಲೈವೀಲೂ ಸುಡುತ್ತದೆ.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಇದೆ. ಹಾಗಾಗಿ ಟ್ರಾನ್ಸ್‌ಫರ್ ಕೇಸನ್ನು ಇದ್ದಲ್ಲೇ ಬಿಟ್ಟೆ. ಬ್ಯಾಟರಿಯ ನೆಗೆಟಿವ್ ತೆಗೆದು, ಗೇರ್ ಲಿವರ್, ಸ್ಟಾರ್ಟರ್, ಕ್ಲಚ್ ಕೇಬಲ್, ರಿವರ್ಸ್ ಲೈಟಿನ ವೈರ್ ಬಿಡಿಸಿದೆ. ಗಿಡ್ಡ ಶಾಫ್ಟಿನ ಫ್ಲೇಂಜಿಗೆ ಪೇಂಟಿನಲ್ಲಿ ಗುರುತು ಹಾಕಿಕೊಳ್ಳಿ. ತಿರುವಿ ಕೂರಿಸಿದರೆ ಆಮೇಲೆ ವೈಬ್ರೇಶನ್ ಬರಬಹುದು. ಅದರ ಇನ್ನೊಂದು ತುದಿ ಗೇರ್ ಬಾಕ್ಸಿನೊಳಗೆ ಜಾರಿ ಕೂತಿರುತ್ತದೆ, ಎಳೆದ ತಕ್ಷಣ ಆಯಿಲ್ ಸುರಿಯುತ್ತದೆ. ಮೊದಲೇ ಡ್ರೈನ್ ಮಾಡಿ, ಹೇಗೂ ಹಿಡಿಯುವುದು 1.3 ಲೀಟರ್.

ಹಿಂದಿನ ಕ್ರಾಸ್ ಮೆಂಬರ್ ಬಿಚ್ಚುವ ಮೊದಲು ಎಂಜಿನ್ನಿನ ಆಯಿಲ್ ಸಂಪಿನ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಡಬೇಕು. ಇಲ್ಲವಾದರೆ ಎಂಜಿನ್ ಹಿಂದಕ್ಕೆ ವಾಲಿ ಮೌಂಟಿಂಗ್, ಹೋಸುಗಳ ಮೇಲೆ ಭಾರ ಬೀಳುತ್ತದೆ. ಗೇರ್ ಬಾಕ್ಸನ್ನು ನೇರ ಹಿಂದಕ್ಕೆ ಎಳೆಯಿರಿ. ಅದರ ಮುಂದೆ ಪ್ಲೇಟಿನೊಳಗೆ ಕೂತಿರುವ ಇನ್‌ಪುಟ್ ಶಾಫ್ಟ್ ಪೂರ್ತಿ ಹೊರಬರುವ ತನಕ ಗೇರ್ ಬಾಕ್ಸಿನ ಭಾರ ಪ್ಲೇಟಿನ ಮೇಲೆ ಬೀಳಬಾರದು. ಇದಕ್ಕೆ ಇಬ್ಬರು ಬೇಕು.

ಪ್ಲೇಟಿನ ರಿವೆಟ್ ತಲೆ ಲೈನಿಂಗಿನಿಂದ (ಪ್ಲೇಟಿನ ಮೇಲಿನ ಉಜ್ಜುವ ಪದರ) 0.5 ಮಿ.ಮೀ.ಗಿಂತ ಕಡಿಮೆ ಆಳದಲ್ಲಿದ್ದರೆ ಪ್ಲೇಟ್ ಮುಗಿದ ಹಾಗೆ. ನನ್ನದರಲ್ಲಿ ರಿವೆಟ್ಟೇ ಫ್ಲೈವೀಲಿಗೆ ಉಜ್ಜಿ ಉಂಗುರದ ಹಾಗೆ ಗೀರು ಬಿದ್ದಿತ್ತು. ಜೊತೆಗೆ ನೀಲಿ ಕಲೆಗಳು, ಉಗುರಿಗೆ ಸಿಕ್ಕುವ ಕೂದಲೆಳೆ ಬಿರುಕುಗಳು. ಲೇತ್‌ನಲ್ಲಿ ಸ್ಕಿಮ್ ಮಾಡಿಸಿದರೆ ಸಾಕು ಅನ್ನುವವರು ಸಿಗುತ್ತಾರೆ. ಗೀರು ಮಾತ್ರ ಇದ್ದರೆ ಸರಿ. ನೀಲಿಯಾದ ಜಾಗ ಸುಟ್ಟು ಗಟ್ಟಿಯಾಗಿರುತ್ತದೆ, ಆ ಗಟ್ಟಿತನ ಮೇಲ್ಮೈಯಿಂದ ಒಳಗೂ ಇಳಿದಿರುತ್ತದೆ. ತೆಳ್ಳಗೆ ಕೆತ್ತಿಸಿದರೆ ಸುತ್ತಲಿನ ಮೆತ್ತನೆ ಕಬ್ಬಿಣ ಸವೆದು ಅದೇ ಜಾಗ ಮತ್ತೆ ಉಬ್ಬಿ ಏಳುತ್ತದೆ, ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗುತ್ತದೆ. ಫ್ಲೈವೀಲಿನ ಅಂಚಿನ ರಿಂಗ್ ಗೇರಿನ ಹಲ್ಲುಗಳೂ ಎದುರುಬದುರು ಎರಡು ಕಡೆ ತಿಂದುಹೋಗಿದ್ದವು. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚುಕಡಿಮೆ ಅವೇ ಎರಡು ಸ್ಥಾನಗಳಲ್ಲಿ ನಿಲ್ಲುವುದರಿಂದ ಸ್ಟಾರ್ಟರ್ ಪ್ರತಿಸಲ ಅಲ್ಲೇ ಕಚ್ಚುತ್ತದೆ. ಹೊಸ ಫ್ಲೈವೀಲನ್ನೇ ತಂದೆ.

ಅಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿ ಕೂರುವುದು), ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವುದು) ಹಳೆಯದನ್ನೇ ಹಾಕುವುದು ಮೂರ್ಖತನ. ರಿಲೀಸ್ ಶಾಫ್ಟಿನ ಬುಷ್ ಕೂಡ ಅಲ್ಲಾಡಿಸಿ ನೋಡಿ. ಕೆಸರು ನೀರು ಇಳಿದಿದ್ದರೆ ಅದೂ ಸವೆದಿರುತ್ತದೆ, ಪೆಡಲ್ ಗಟ್ಟಿಯಾಗುವುದಕ್ಕೆ ಅದೂ ಒಂದು ಕಾರಣ. ರಿಲೀಸ್ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ.

ಹೊಸ ಫ್ಲೈವೀಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರಿನಲ್ಲಿ ಬಟ್ಟೆ ಬಿಳಿಯಾಗಿ ಬರುವ ತನಕ ಒರೆಸಿದೆ. ಬೋಲ್ಟುಗಳನ್ನು ಅಡ್ಡಡ್ಡವಾಗಿ ಸುಮಾರು 6 ಕೆ.ಜಿ.-ಮೀಟರ್ ಟಾರ್ಕಿಗೆ ಬಿಗಿದೆ. ಪ್ಲೇಟಿನಲ್ಲಿ ನಡುವಿನ ಹಬ್ ಉಬ್ಬಿರುವ ಮುಖ ಗೇರ್ ಬಾಕ್ಸ್ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಹಬ್ ಫ್ಲೈವೀಲ್ ಬೋಲ್ಟಿಗೆ ತಾಗುತ್ತದೆ, ಪೆಡಲ್ ಒತ್ತಿದರೂ ಕ್ಲಚ್ ಬಿಡಿಸಿಕೊಳ್ಳುವುದೇ ಇಲ್ಲ. ಪ್ಲೇಟನ್ನು ಬೇರೊಂದು ಹಳೆ ಇನ್‌ಪುಟ್ ಶಾಫ್ಟಿನಿಂದ ನಡುವಿಗೆ ತಂದು, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಬಿಗಿಯಿರಿ. ಇನ್‌ಪುಟ್ ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಬೆರಳಿನಲ್ಲಿ ಸವರಿದಷ್ಟೇ ಸಾಕು, ಹೆಚ್ಚಾದದ್ದು ಲೈನಿಂಗಿಗೆ ಹಾರುತ್ತದೆ.

ಗೇರ್ ಬಾಕ್ಸ್ ಕೊನೆಯ ಒಂದು ಇಂಚು ಒಳಗೆ ಹೋಗದಿದ್ದರೆ ಅದನ್ನು ಎಂಜಿನ್ನಿಗೆ ಜೋಡಿಸುವ ಬೆಲ್ ಹೌಸಿಂಗ್ ಬೋಲ್ಟ್ ಬಿಗಿದು ಎಳೆಯುವ ಆಸೆ ಬರುತ್ತದೆ. ಎಳೆದರೆ ಹೊಸ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ. ಗೇರಿಗೆ ಹಾಕಿ ಹಿಂದಿನಿಂದ ಔಟ್‌ಪುಟ್ ಶಾಫ್ಟನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದೆ, ಸ್ಪ್ಲೈನ್ ಕೂಡಿಕೊಂಡು ತಾನೇ ಒಳಗೆ ಹೋಯಿತು.

ಕೊನೆಗೆ ಕೇಬಲ್. ಕೇಬಲ್ ಎಳೆಯುವ ರಿಲೀಸ್ ಆರ್ಮಿನ ತುದಿಯಲ್ಲಿ 2–4 ಮಿ.ಮೀ. ಆಟ (ಸಡಿಲ) ಬಿಟ್ಟೆ. ಲೈನಿಂಗ್ ಸವೆದ ಹಾಗೆ ಈ ಆಟ ಕಡಿಮೆಯಾಗುತ್ತಾ ಬರುತ್ತದೆ. 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಕೆಳಗೆ ಇಣುಕಿ ಅದನ್ನೇ ನೋಡಿದೆ, ಅರ್ಧ ಸುತ್ತು ಸಡಿಲ ಮಾಡಬೇಕಾಯಿತು.