ಸೀರಮ್‌ನಲ್ಲೂ ನಿಂತ ಪಿಎಸ್‌ಎ ಸೆನ್ಸರ್: ನನ್ನ ಅನುಭವ

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಪ್ರೋಟೀನ್. ಬಫರ್‌ನಲ್ಲಿ (ಬೇರೆ ಪ್ರೋಟೀನ್ ಇಲ್ಲದ ಉಪ್ಪಿನ ದ್ರಾವಣ) ಚೆನ್ನಾಗಿ ಓಡುವ ಪಿಎಸ್‌ಎ ಸೆನ್ಸರ್ ಮಾಡೋದು ದೊಡ್ಡ ವಿಷಯವಲ್ಲ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದ ಕೂಡಲೇ ಅದು ಕೈಕೊಡುತ್ತದೆ. ಲೇಬಲ್ (ಗುರುತಿಗೆ ಅಂಟಿಸುವ ಬಣ್ಣ ಅಥವಾ ಎನ್ಜೈಮ್) ಇಲ್ಲದೆ ಸೀರಮ್‌ನಲ್ಲಿ ಅಳೆಯೋದು ಆಗದ ಮಾತು, ಸುಮ್ನೆ ಲೇಬಲ್ ಇರುವ ಮಾಮೂಲಿ ಲ್ಯಾಬ್ ಪರೀಕ್ಷೆ ಎಲೈಸಾ ಮಾಡಿಕೊಂಡಿರು ಅಂದವರೇ ಜಾಸ್ತಿ. ಹತ್ತು ಪಟ್ಟು ಡೈಲ್ಯೂಟ್ ಮಾಡಿದ ಸೀರಮ್‌ನಲ್ಲಿ ನನ್ನದು ಈಗ ನಿಂತಿದೆ.

ಲೆಕ್ಕ ನೋಡಿ. ಪಿಎಸ್‌ಎಗೆ ವೈದ್ಯರು ಸಾಮಾನ್ಯವಾಗಿ ಗಮನಿಸುವ ಗಡಿ ಮಿಲೀಲೀಟರ್‌ಗೆ 4 ನ್ಯಾನೋಗ್ರಾಂ. ಅದೇ ಮಿಲೀಲೀಟರ್‌ನಲ್ಲಿ ಸೀರಮ್‌ನ ಮುಖ್ಯ ಪ್ರೋಟೀನ್ ಆಲ್ಬುಮಿನ್ ಸುಮಾರು 40 ಮಿಲಿಗ್ರಾಂ, ಅಂದರೆ ಒಂದು ಕೋಟಿ ಪಟ್ಟು. ಆಲ್ಬುಮಿನ್ ಅಂಟಿದರೂ ಡಿಪಿವಿ ಪೀಕ್ (ವೋಲ್ಟೇಜ್ ಮಿಡಿತ ಕೊಟ್ಟು ಅಳೆಯುವ ಕರೆಂಟ್‌ನ ತುದಿ) ಇಳಿಯುತ್ತದೆ, ಪಿಎಸ್‌ಎ ತನ್ನನ್ನು ಹಿಡಿಯುವ ಆಂಟಿಬಾಡಿಯ ಮೇಲೆ ಕೂತರೂ ಇಳಿಯುತ್ತದೆ.

ಮೊದಲು ಎಲ್ಲರ ಹಾಗೆ ಥಯೋಲ್ ಪದರ (ಚಿನ್ನಕ್ಕೆ ಅಂಟುವ ಗಂಧಕದ ಅಣುಗಳು), ಆಂಟಿಬಾಡಿ ಕೂರಿಸಲು ಇಡಿಸಿ-ಎನ್‌ಎಚ್‌ಎಸ್ ರಾಸಾಯನಿಕ, ಖಾಲಿ ಜಾಗ ಮುಚ್ಚಲು ಮೇಲೆ ಬಿಎಸ್‌ಎ (ದನದ ಆಲ್ಬುಮಿನ್). ಹೆಂಗಸರ ಸೀರಮ್ ಬ್ಲ್ಯಾಂಕ್ (ಹೋಲಿಕೆಗೆ ಪಿಎಸ್‌ಎ ಇಲ್ಲದ ಸ್ಯಾಂಪಲ್). ಅದರಲ್ಲಿ ಪಿಎಸ್‌ಎ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಪೀಕ್ ಅರ್ಧಕ್ಕೆ ಬಿತ್ತು! ಪ್ರೋಟೀನ್ ಅಂಟದಂತೆ ತಡೆಯುವ ಪೆಗ್ ಥಯೋಲ್ ಹಾಕಿದಾಗ ಬ್ಲ್ಯಾಂಕ್ ಸುಮ್ಮನಾಯಿತು, ಜೊತೆಗೆ ಅಸಲಿ ಸಿಗ್ನಲ್ ಕೂಡ. ಅಷ್ಟರಲ್ಲಿ ದುಡ್ಡಿನ ಮುಕ್ಕಾಲು ಪಾಲು ಆಂಟಿಬಾಡಿಗೇ ಹೋಗಿತ್ತು. ಚಿನ್ನದ ಚಿಪ್ ಬಿಟ್ಟು ಸ್ಕ್ರೀನ್‌ಪ್ರಿಂಟ್ ಕಾರ್ಬನ್ ಹಿಡಿದೆ, ಖರ್ಚು ಹಿಡಿತಕ್ಕೆ ಬಂತು.

ಕೈಹಿಡಿದದ್ದು ಗ್ಲುಟರಾಲ್ಡಿಹೈಡ್‌ನಿಂದ (ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟುವ ರಾಸಾಯನಿಕ) ಹೆಣೆದ ಬಿಎಸ್‌ಎ, ಒಳಗೆ ಕರೆಂಟ್ ಹರಿಸುವ ಇಂಗಾಲದ ಹಾಳೆ, ರೆಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್. ಜರಡಿಯ ಹಾಗೆ ಕೆಲಸ ಮಾಡುತ್ತದೆ: ಪೀಕ್ ಕೊಡುವ ಪುಟ್ಟ ಅಯಾನು ಫೆರಿಸಯನೈಡ್ ನುಸುಳುತ್ತದೆ, ಪ್ರೋಟೀನ್ ಹೊರಗೇ ನಿಲ್ಲುತ್ತದೆ. ಆಂಟಿಬಾಡಿ ಈ ಪದರದ ಮೇಲೆ. ಗ್ಲುಟರಾಲ್ಡಿಹೈಡ್ ಜಾಸ್ತಿಯಾದರೆ ಪದರ ಬಿಗಿದು ಪೀಕ್ ಸಾಯುತ್ತದೆ, ಕಡಿಮೆಯಾದರೆ ತೊಳೆಯುವಾಗಲೇ ಎದ್ದು ಬರುತ್ತದೆ. ನನ್ನ ಪ್ರಮಾಣ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಮಾತು ಹೇಳ್ತೀನಿ: ಪದರಕ್ಕೆ ಹಾಕಿದ ಐದು ಮೈಕ್ರೋಲೀಟರ್ ಹನಿ ಒಣಗಲು ಬಿಡಬೇಡಿ. ಒಣಗಿದರೆ ಅಂಚಿನಲ್ಲಿ ಕಂದು ಉಂಗುರ ಕೂರುತ್ತದೆ, ನಡುವೆ ಪದರ ತೆಳುವಾಗುತ್ತದೆ. ಮುಚ್ಚಿದ ಪೆಟ್ರಿ ಡಿಶ್, ಒಳಗೆ ಒದ್ದೆ ಟಿಶ್ಯೂ, ಅಷ್ಟೇ ಸಾಕು. ಕೊನೆಗೆ ಎಥನಾಲಮೀನ್ ಹಾಕಿ, ಆಂಟಿಬಾಡಿ ಹಿಡಿಯದೆ ಉಳಿದ ಕೊಂಡಿಗಳನ್ನು (ಎಸ್ಟರ್) ಮುಚ್ಚಿ.

ನಡುವೆ ಪೆನ್ಸಿಲ್ ಕಡ್ಡಿಯನ್ನೂ ಎಲೆಕ್ಟ್ರೋಡ್ ಮಾಡಿ ನೋಡಿದೆ. ಪೀಕ್ ಸೊಗಸಾಗಿ ಬಂತು, ಆದರೆ ಕಡ್ಡಿಯಿಂದ ಕಡ್ಡಿಗೆ ಬೇರೆ ಬೇರೆ. ಅಭ್ಯಾಸಕ್ಕೆ ಮಾತ್ರ ಒಳ್ಳೆಯದು, ಆಂಟಿಬಾಡಿ ವ್ಯರ್ಥ ಮಾಡಬೇಡಿ.

ಈಗ ಬ್ಲ್ಯಾಂಕ್ ಇಳಿಕೆ ನೂರಕ್ಕೆ ಐದರ ಆಸುಪಾಸು. ಗಡಿಯ ಮಟ್ಟದ ಸ್ಯಾಂಪಲ್‌ಗೆ ಇಪ್ಪತ್ತೈದು ದಾಟುತ್ತದೆ. ಫ್ರಿಜ್‌ನಲ್ಲಿ ಎರಡು ವಾರದಷ್ಟು ಇಟ್ಟ ಚಿಪ್ ಹತ್ತರಲ್ಲಿ ಒಂದು ಪಾಲು ಸಿಗ್ನಲ್ ಕಳೆದುಕೊಂಡಿತು. ಡೈಲ್ಯೂಟ್ ಮಾಡದ ಸೀರಮ್ ಮುಂದಿನ ಕೆಲಸ. ಹೊಸ ಬ್ಯಾಚ್ ಚಿಪ್ ಆಗಲೇ ಒದ್ದೆ ಡಿಶ್‌ನಲ್ಲಿದೆ.